ಕ್ರ್ಯಾಬೆಟ್ ಅಶ್ವಾಲಯ: ಒಂದು ಮನೆತನ ಮತ್ತು ಅರಬ್ಬೀ ಕುದುರೆಯ ತಳಿ

ವಿಜಯನಗರದ ಇತಿಹಾಸವನ್ನು ಬೋಧಿಸುವಾಗ ನಾವು ಅರಬ್ಬೀ ಕುದುರೆಗಳ ಆಮದನ್ನು ತಪ್ಪದೆ ಪ್ರಸ್ತಾಪಿಸುತ್ತೇವೆ. ರಾಯನು ಹೊರ್ಮುಜಿನವನ್ನೂ ನಾಡತಳಿಗಳನ್ನೂ ಸೇರಿಸಿ ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಅಂಕಿಯಲ್ಲಿ ಅತಿಶಯೋಕ್ತಿ ಇದ್ದರೂ ಇರಬಹುದು. ಆದರೆ ತಂದ ತಳಿಯ ಗುಣವನ್ನು ಪರದೇಶದ ನೆಲದಲ್ಲಿ ತಲೆಮಾರುಗಳವರೆಗೆ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತುವವರು ವಿರಳ. ಈ ಕಷ್ಟದ ದಾಖಲೆಯು ಚೆನ್ನಾಗಿ ಉಳಿದುಬಂದಿರುವ ಇಂಗ್ಲೆಂಡಿನ ಒಂದು ಮನೆತನದ ಅಶ್ವಾಲಯವನ್ನು ಇಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಸಸೆಕ್ಸ್ ಪ್ರಾಂತದ ಕ್ರ್ಯಾಬೆಟ್ ಪಾರ್ಕಿಗೆ ಅರಬ್ಬೀ ಕುದುರೆಗಳು ಮೊದಲು ಬಂದುದು ೧೮೭೮ರಲ್ಲಿ. ಸ್ಥಾಪಕರು ಕವಿ ವಿಲ್ಫ್ರಿಡ್ ಸ್ಕಾವೆನ್ ಬ್ಲಂಟ್ ಹಾಗೂ ಆತನ ಪತ್ನಿ ಲೇಡಿ ಆನ್. ಈಕೆ ಕವಿ ಬೈರನ್ನನ ಮೊಮ್ಮಗಳು. ದಂಪತಿಗಳು ಯೂಫ್ರೆಟಿಸ್ ನದಿಯ ದಂಡೆಯ ಬೆಡೂಯಿನ್ ಕುಲಗಳ ನಡುವೆ ಸಂಚರಿಸಿದರು. ಮರುವರ್ಷ ಮರುಭೂಮಿಯನ್ನು ದಾಟಿ ನೆಜ್ದ್ ಪ್ರಾಂತದ ಹಾಯಿಲ್ ನಗರವನ್ನು ತಲುಪಿದರು. ಬೆಡೂಯಿನರು ಕುದುರೆಯ ಕುಲವನ್ನು ತಾಯಿಯ ಕಡೆಯಿಂದ ಎಣಿಸುತ್ತಾರೆ. ಅವರಲ್ಲಿ ಹೆಣ್ಣು ಕುದುರೆಯೇ ಯುದ್ಧದ ವಾಹನ. ಕೊಳ್ಳೆಗೆ ಹೋಗಿ ಹಿಂದಿರುಗಿ ಬರುವುದೇ ಅದರ ಪರೀಕ್ಷೆ. ದಂಪತಿಗಳು ಅಲ್ಲಿಂದ ಕುದುರೆಗಳನ್ನು ತಂದರು. ಪರೀಕ್ಷೆಯನ್ನು ತರಲು ಸಾಧ್ಯವಿರಲಿಲ್ಲ. ಸಸೆಕ್ಸಿನ ಹಸುರು ಹುಲ್ಲುಗಾವಲಿನಲ್ಲಿ ಹಸಿವೂ ಇಲ್ಲ, ಶತ್ರುವೂ ಇಲ್ಲ. ಅಶ್ವಾಲಯದ ಮುಂದಿನ ತೊಡಕುಗಳ ಮೂಲವು ಇಲ್ಲಿಯೇ ಇದೆಯೆಂಬುದು ನಮ್ಮ ಅಭಿಪ್ರಾಯ.

ಜೂಜುಕುದುರೆಗಳ ಥರೋಬ್ರೆಡ್ ತಳಿಯೂ ಮೂಲತಃ ಪೌರಸ್ತ್ಯ ರಕ್ತದ್ದೇ. ೧೭೦೪ರಲ್ಲಿ ಇಂಗ್ಲೆಂಡಿಗೆ ಬಂದ ಡಾರ್ಲಿ ಅರೇಬಿಯನ್ ಅದರ ಮೂಲಪುರುಷರಲ್ಲೊಂದು. ಆದರೆ ಎರಡು ಶತಮಾನಗಳ ಕಾಲ ಓಟದ ವೇಗವೊಂದನ್ನೇ ಲಕ್ಷ್ಯವಾಗಿಟ್ಟು ಬೆಳೆಸಿದ ತಳಿಯೊಡನೆ ಮರುಭೂಮಿಯ ಕುದುರೆಯು ಅಲ್ಪದೂರದ ಓಟದಲ್ಲಿ ಸರಿಗಟ್ಟುವಂತಿರಲಿಲ್ಲ. ೧೮೮೪ರಲ್ಲಿ ನ್ಯೂಮಾರ್ಕೆಟಿನಲ್ಲಿ ಅರಬ್ಬೀ ಕುದುರೆಗಳಿಗೆಂದೇ ಪ್ರತ್ಯೇಕ ಪಂದ್ಯ ನಡೆದರೂ ಅದರಿಂದ ಅವುಗಳ ಕೀರ್ತಿ ಹೆಚ್ಚಲಿಲ್ಲ. ಹೀಗಾಗಿ ಒಡೆಯರ ಕಣ್ಣು ಮತ್ತು ವಂಶಾವಳಿಯ ಪುಸ್ತಕ, ಇವೆರಡೇ ಆಯ್ಕೆಗೆ ಆಧಾರಗಳಾಗಿ ಉಳಿದವು. ಈ ವಿಷಯದಲ್ಲಿ ಲೇಡಿ ಆನ್‌ಳಿಗೆ ಸಲ್ಲಬೇಕಾದ ಗೌರವವು ಬಹುಕಾಲ ಸಲ್ಲಲಿಲ್ಲ. ಅರಬ್ಬೀ ಭಾಷೆಯನ್ನು ಕಲಿತು, ಕುದುರೆಗಳ ಕುಲಮೂಲವನ್ನು ವಿಚಾರಿಸಿ, ದಿನಚರಿಯಲ್ಲಿ ಬರೆದಿಟ್ಟವಳು ಆಕೆ. ಕೈರೋ ನಗರದ ಅಲಿ ಪಾಷಾ ಷೆರೀಫನ ಪ್ರಸಿದ್ಧ ಲಾಯದಿಂದ ೧೮೮೯ರಲ್ಲಿ ಕೊಂಡ ಮೆಸಾವುದ್ ಎಂಬ ಗಂಡು ಕುದುರೆಯು ಈ ಅಶ್ವಾಲಯದ ತಳಿಯನ್ನೇ ರೂಪಿಸಿತು.

೧೯೦೬ರಲ್ಲಿ ದಂಪತಿಗಳು ಬೇರೆಯಾದರು, ಕುದುರೆಗಳೂ ಪಾಲಾದವು. ೧೯೧೭ರಲ್ಲಿ ಲೇಡಿ ಆನ್ ತೀರಿಕೊಂಡಾಗ ತಂದೆಗೂ ಮಗಳ ಪಕ್ಷಕ್ಕೂ ವ್ಯಾಜ್ಯ ಹತ್ತಿತು. ೧೯೨೦ರಲ್ಲಿ ತೀರ್ಪು ತಂದೆಗೆ ಪ್ರತಿಕೂಲವಾಯಿತು. ಕುಟುಂಬದ ಸ್ವತ್ತಾಗಿರುವ ತಳಿಗೆ ಇದೊಂದು ದೊಡ್ಡ ಅಪಾಯ: ಹೊಲವನ್ನು ಹಂಚಿಕೊಂಡಂತೆ ಹಂಚಿದರೆ ತಾಯಿ ಒಂದೆಡೆ, ತಕ್ಕ ಗಂಡು ಮತ್ತೊಂದೆಡೆ. ಅಶ್ವಾಲಯವನ್ನು ಮತ್ತೆ ಒಂದುಗೂಡಿಸಿದವಳು ಮಗಳು ಜೂಡಿತ್, ಅಂದರೆ ಲೇಡಿ ವೆಂಟ್‌ವರ್ತ್. ಆಕೆ ೧೯೨೦ರಲ್ಲಿ, ಪೋಲಿಷ್ ಸರದಾರ ಪೊಟೊಟ್ಸ್ಕಿಯ ಆಂಟೊನಿನಿ ಅಶ್ವಾಲಯದಲ್ಲಿ ಹುಟ್ಟಿದ್ದ ಸ್ಕೊವ್ರೊನೆಕ್ ಎಂಬ ಬಿಳಿಯ ಗಂಡನ್ನು ಕೊಂಡಳು. ಅದರ ವಂಶಶುದ್ಧಿಯನ್ನು ಶಂಕಿಸಿದವರುಂಟು. ಅದರ ಸಂತತಿಯನ್ನು ಬೇಡಿ ಕೊಂಡವರು ಮಾತ್ರ ದೇಶದೇಶಗಳಲ್ಲಿದ್ದರು.

ಕಳೆದುಹೋದ ಪರೀಕ್ಷೆಯು ಬೇರೊಂದು ರೂಪದಲ್ಲಿ ಹಿಂದಿರುಗಿದುದು ಇದೇ ಕಾಲದಲ್ಲಿ. ೧೯೧೮ರಲ್ಲಿ ಸ್ಥಾಪಿತವಾಗಿ, ವೃದ್ಧ ಬ್ಲಂಟನನ್ನೇ ಪ್ರಥಮಾಧ್ಯಕ್ಷನನ್ನಾಗಿ ಪಡೆದಿದ್ದ ಅರಬ್ ಹಾರ್ಸ್ ಸೊಸೈಟಿಯು ೧೯೨೦ರಿಂದ ೧೯೨೨ರವರೆಗೆ ಮೂರು ಸಹಿಷ್ಣುತಾ ಸ್ಪರ್ಧೆಗಳನ್ನು ನಡೆಸಿತು. ದಿನಕ್ಕೆ ಅರುವತ್ತು ಮೈಲಿಯಂತೆ ಐದು ದಿನಗಳಲ್ಲಿ ಮುನ್ನೂರು ಮೈಲಿ. ಬೆನ್ನ ಮೇಲೆ ಹದಿಮೂರು ಸ್ಟೋನ್, ಎಂದರೆ ಸುಮಾರು ೮೨ ಕಿಲೋಗ್ರಾಂ ಭಾರ. ಅಶ್ವಸೈನ್ಯದ ಅಧಿಕಾರಿಗಳಿಗೆ ಈ ತಳಿಯ ಯೋಗ್ಯತೆಯನ್ನು ಮನಗಾಣಿಸುವುದು ಉದ್ದೇಶವಾಗಿತ್ತು. ೧೯೨೨ರಲ್ಲಿ ಗೆದ್ದ ಷಹಜಾದಾ ಎಂಬ ಅರಬ್ಬೀ ಕುದುರೆಯು ೧೯೨೫ರಲ್ಲಿ ಆಸ್ಟ್ರೇಲಿಯವನ್ನು ಸೇರಿತು. ಸೈನ್ಯಕ್ಕೆ ಆಗಲೇ ಯಂತ್ರವಾಹನಗಳ ಮೋಹ ಹಿಡಿದಿತ್ತೆಂಬುದು ಬೇರೆ ಮಾತು. ಅದೇ ಸಂಸ್ಥೆಯು ಶುದ್ಧ ತಳಿಗೆ ಮಾತ್ರವಲ್ಲದೆ, ಥರೋಬ್ರೆಡ್ಡಿನೊಡನೆ ಬೆರೆತ ಆಂಗ್ಲೋ-ಅರಬ್ಬಿಗೂ ಇತರ ಮಿಶ್ರತಳಿಗಳಿಗೂ ಪ್ರತ್ಯೇಕ ವಂಶಾವಳಿಗಳನ್ನಿಟ್ಟಿತು. ಇದನ್ನು ಶುದ್ಧಿವಾದಿಗಳ ಸೋಲೆಂದು ಕೆಲವರು ಭಾವಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಮಿಶ್ರತಳಿಯನ್ನು ಪಡೆಯಬೇಕಾದರೂ ಒಂದೆಡೆ ಶುದ್ಧ ರಕ್ತವು ಉಳಿದಿರಲೇಬೇಕು. ಮಕ್ಕಳ ಸವಾರಿಗೆಂದು ಇಂಗ್ಲೆಂಡಿನಲ್ಲಿ ರೂಪುಗೊಂಡ ಸಣ್ಣ ತಳಿಯಲ್ಲಿಯೂ ಸ್ಥಳೀಯ ತಟ್ಟು ಹಾಗೂ ಥರೋಬ್ರೆಡ್ಡಿನೊಡನೆ ಅರಬ್ಬೀ ಅಂಶವು ಸೇರಿದೆ.

೧೯೨೬ರಲ್ಲಿ ಅಮೆರಿಕದ ಕೆಲಾಗ್ ಹಲವು ಕುದುರೆಗಳನ್ನು ಕೊಂಡನು. ೧೯೩೬ರಲ್ಲಿ ಸ್ಕೊವ್ರೊನೆಕ್‌ನ ಮಗ ನಸೀಮ್ ಮೊದಲಾದವು ಸೋವಿಯತ್ ಒಕ್ಕೂಟದ ತೆರ್ಸ್ಕ್ ಅಶ್ವಾಲಯಕ್ಕೆ ಹೋದವು. ೧೯೫೭ರಲ್ಲಿ ಲೇಡಿ ವೆಂಟ್‌ವರ್ತ್ ಮರಣಹೊಂದಿದಾಗ ಕುದುರೆಗಳು ರಕ್ತಸಂಬಂಧಿಗಳಿಗೆ ಸಲ್ಲದೆ, ಅವುಗಳನ್ನು ನೋಡಿಕೊಳ್ಳುತ್ತಿದ್ದ ವ್ಯವಸ್ಥಾಪಕ ಸೆಸಿಲ್ ಕೋವಿಯ ಪಾಲಾದವು. ಆತನು ಅವುಗಳನ್ನು ಸುಮಾರು ಹದಿನಾಲ್ಕು ವರ್ಷ ನಡೆಸಿದನು. ಕೊನೆಗೆ ಲಂಡನ್ನಿನಿಂದ ದಕ್ಷಿಣಕ್ಕೆ ಹೋಗುವ ಹೊಸ ಹೆದ್ದಾರಿಯು ಹುಲ್ಲುಗಾವಲನ್ನು ಸೀಳಿಕೊಂಡು ಬಂದಿತು. ೧೯೭೧ರಲ್ಲಿ ಉಳಿದ ಕುದುರೆಗಳು ಚದರಿಹೋದವು.