ಹಾವಿನ ಹೊಟ್ಟೆಯಲ್ಲಿ ಸಿಕ್ಕ ಹಾವುರಾಣಿ

ಹಿತ್ತಲಲ್ಲಿ ಸರಕ್ಕನೆ ಓಡಿ ಕಲ್ಲಿನ ಸಂದಿ ಸೇರುವ ಹಾವುರಾಣಿ ಗೊತ್ತಲ್ವಾ? ವಿಷ ಇಲ್ಲ ಪಾಪ, ಆದ್ರೂ ಕಂಡರೆ ಪೊರಕೆ ಹಿಡಿಯೋರೇ ಜಾಸ್ತಿ. ಇದರ ದೂರದ ನೆಂಟರು ಆಸ್ಟ್ರೇಲಿಯಾದಲ್ಲಿದ್ದಾರೆ, ಕುಲದ ಹೆಸರು ಟಿಲಿಕ್ವಾ. ಹೆದರಿದರೆ ಬಾಯಿ ಕಳೆದು, ಶಾಯಿ ಕುಡಿದಂಥ ನೀಲಿ ನಾಲಿಗೆ ಚಾಚುತ್ತವೆ. ಬಸವನಹುಳು ತಿಂದು ತೋಟ ಕಾಯುತ್ತವೆ ಅಂತ ಅಲ್ಲಿನವರಿಗೆ ಇವುಗಳ ಮೇಲೆ ಭಾರೀ ಪ್ರೀತಿ.

ಈ ವಂಶದಲ್ಲೊಬ್ಬ ದೈತ್ಯನೂ ಇದ್ದ. ನ್ಯೂ ಸೌತ್ ವೇಲ್ಸ್‌ನ ವೆಲ್ಲಿಂಗ್ಟನ್ ಗುಹೆಗಳಲ್ಲಿ ಸಿಕ್ಕ ದವಡೆಯ ಚೂರಿಗೆ 2009ರಲ್ಲಿ ಬೇರೆಯೇ ಕುಲದ ಹೆಸರು ಕೊಟ್ಟಿದ್ದರು. ಆಮೇಲೆ ಅಗೆದಾಗ ಸಿಕ್ಕ ಮೂಳೆಗಳನ್ನೂ ಮ್ಯೂಸಿಯಮ್ಮಿನಲ್ಲಿದ್ದ ಚೂರುಗಳನ್ನೂ ಜೋಡಿಸಿದರೆ, ಎಲ್ಲಾ ಒಂದೇ ಪ್ರಾಣಿಯವು! 2023ರಲ್ಲಿ ಕೈಲಾ ಥಾರ್ನ್ ಮತ್ತು ಸಂಗಡಿಗರು ಅದು ಟಿಲಿಕ್ವಾ ಕುಲದ್ದೇ ಅಂತ ತೋರಿಸಿದರು. ತೂಕ ಸುಮಾರು 2.4 ಕೆಜಿ, ಮೈತುಂಬಾ ಮುಳ್ಳುಮುಳ್ಳಾದ ಕವಚ. ಸುಮಾರು 47,000 ವರ್ಷಗಳ ಹಿಂದೆ ಅದು ಅಳಿದು ಹೋಯ್ತು.

ಇನ್ನೊಂದು ತುದಿಯಲ್ಲಿದೆ ಈ ಕುಲದ ಕುಳ್ಳ, ಪಿಗ್ಮಿ ಬ್ಲೂಟಂಗ್. ಗೇಣುದ್ದವೂ ಇಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1959ರ ನಂತರ ಯಾರ ಕಣ್ಣಿಗೂ ಬೀಳಲಿಲ್ಲ. ಮುಗೀತು ಕಥೆ ಅಂದುಕೊಂಡರು. 1992ರಲ್ಲಿ ಬರ್ರಾ ಊರಿನ ಹತ್ತಿರ ರಸ್ತೆಯಲ್ಲಿ ಸತ್ತು ಬಿದ್ದಿದ್ದ ಹಾವಿನ ಹೊಟ್ಟೆ ಸೀಳಿ ನೋಡಿದರೆ, ಒಳಗೆ ಅದೇ ಹಲ್ಲಿ! ಹಾವು ಈಚೆಗೆ ನುಂಗಿದೆ ಅಂದಮೇಲೆ ಅಲ್ಲೇ ಎಲ್ಲೋ ಬದುಕಿರೋವೂ ಇರಲೇಬೇಕಲ್ಲ? ಹುಡುಕಿದರು, ಸಿಕ್ಕವು.

ಇಷ್ಟು ವರ್ಷ ಕಾಣದ್ದಕ್ಕೆ ಕಾರಣ ಇದೆ. ಇದು ವಾಸ ಮಾಡೋದು ಜೇಡ ತೋಡಿದ ಬಿಲದಲ್ಲಿ. ತಲೆ ಮಾತ್ರ ಹೊರಗಿಟ್ಟು, ಹತ್ತಿರ ಬಂದ ಹುಳು ಹಿಡಿಯುತ್ತೆ. ಹುಲ್ಲುಗಾವಲು ಉತ್ತರೆ ಜೇಡನ ಬಿಲ ಹೋಯ್ತು, ಜೊತೆಗೆ ಇದರ ಮನೆಯೂ ಹೋಯ್ತು. ಹಲ್ಲಿ ಉಳಿಯಬೇಕಾದರೆ ಮೊದಲು ಜೇಡ ಉಳಿಯಬೇಕು. ಸಂಶೋಧಕರು ಮರದ ಕೃತಕ ಬಿಲಗಳನ್ನು ನೆಟ್ಟು ನೋಡಿದರು, ಅವುಗಳಲ್ಲೂ ಹಲ್ಲಿ ಸಂಸಾರ ಹೂಡಿತು.

ಇದೇ ಕುಲದ ಶಿಂಗಲ್‌ಬ್ಯಾಕ್ ಮೇಲೆ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಮೈಕೆಲ್ ಬುಲ್ 1982ರಿಂದ ದಶಕಗಳ ಕಾಲ ಕಣ್ಣಿಟ್ಟರು. ಗಂಡು ಹೆಣ್ಣು ವರ್ಷದ ಬಹುಪಾಲು ಬೇರೆ ಬೇರೆ ಇದ್ದು, ವಸಂತ ಬಂದಾಗ ಹಳೇ ಜೋಡಿಯನ್ನೇ ಹುಡುಕಿಕೊಂಡು ಬರುತ್ತಿದ್ದವು. ಇಪ್ಪತ್ತು ವರ್ಷ ದಾಟಿದ ಜೋಡಿಗಳೂ ಇದ್ದವು!

ಬೇಜಾರಿನ ವಿಷಯ ಅಂದ್ರೆ, ಇಂಥ ಶಿಂಗಲ್‌ಬ್ಯಾಕ್‌ಗಳನ್ನೇ ಕಾಲ್ಚೀಲಕ್ಕೆ ತುರುಕಿ ಪಾರ್ಸೆಲ್ಲಿನಲ್ಲಿ ಕದ್ದು ಸಾಗಿಸುತ್ತಾರೆ, ವಿದೇಶದಲ್ಲಿ ಸಾಕೋರಿಗೆ ಮಾರಲಿಕ್ಕೆ. ಅದೂ ಪ್ರೀತಿಯೇ ಅಂತೆ! ಜೇಡನ ಬಿಲ ಕಾಯೋದೂ ಪ್ರೀತಿ, ಜೋಡಿ ಮುರಿದು ಗಾಜಿನ ಪೆಟ್ಟಿಗೆಯಲ್ಲಿ ಇಡೋದೂ ಪ್ರೀತಿ. ಯಾವುದು ಆ ಹಲ್ಲಿಗೆ ಬೇಕಾದ್ದು ಅಂತ ಬೇರೆ ಹೇಳಬೇಕಾ?

ಅಂದಹಾಗೆ, ನಿಮ್ಮ ಕಡೆ ಹಾವುರಾಣಿಗೆ ಏನಂತೀರಿ?