ರಾಮನಗರ ರೇಷ್ಮೆಗೂಡು ಮಾರುಕಟ್ಟೆ

ರಾಮನಗರ ರೇಷ್ಮೆಗೂಡು ಮಾರುಕಟ್ಟೆಯು ಬೆಂಗಳೂರು–ಮೈಸೂರು ಮಾರ್ಗದಲ್ಲಿರುವ ರಾಮನಗರ ಪಟ್ಟಣದ ಸರ್ಕಾರಿ ಮಾರುಕಟ್ಟೆ. ಇದನ್ನು ಕರ್ನಾಟಕ ಸರ್ಕಾರದ ರೇಷ್ಮೆ ಇಲಾಖೆಯು ನಡೆಸುತ್ತದೆ. ಇದು ಏಷ್ಯಾದ ಅತಿ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಯೆಂದು ಹೆಸರಾಗಿದೆ. ರೈತರು ತಂದ ಗೂಡನ್ನು ಬರಮಾಡಿಕೊಳ್ಳುವುದು, ಹರಾಜು ಹಾಕುವುದು, ತೂಗುವುದು ಮತ್ತು ನೂಲು ಬಿಚ್ಚುವ ಘಟಕಗಳಿಗೆ ರವಾನಿಸುವುದು ಇಲ್ಲಿನ ಮುಖ್ಯ ಕೆಲಸಗಳು. ರಾಗಿ, ಬೆಲ್ಲ ಮುಂತಾದ ಸರಕುಗಳಂತೆ ಹಸಿ ಗೂಡನ್ನು ಉಗ್ರಾಣದಲ್ಲಿ ದಾಸ್ತಾನು ಇಡಲು ಬರುವುದಿಲ್ಲ. ಆದ್ದರಿಂದ ಈ ಎಲ್ಲ ಕೆಲಸಗಳೂ ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಯಬೇಕಾಗುತ್ತದೆ.

ಹಿನ್ನೆಲೆ

ಹಳೆಯ ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಡಳಿತದಲ್ಲಿ ಪ್ರೋತ್ಸಾಹ ದೊರೆಯಿತು. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ಬೇಸಾಯವೂ ಹುಳು ಸಾಕಣೆಯೂ ಅನೇಕ ಕುಟುಂಬಗಳ ಜೀವನಾಧಾರವಾಗಿವೆ. ಈ ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಇದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಯಿತು.

ರೇಷ್ಮೆ ಮೊಟ್ಟೆ, ಗೂಡು ಮತ್ತು ನೂಲಿನ ಉತ್ಪಾದನೆ ಹಾಗೂ ಮಾರಾಟವನ್ನು ನಿಯಂತ್ರಿಸುವ 1959ರ ಕಾಯ್ದೆಯು ರಾಜ್ಯದಲ್ಲಿ ಜಾರಿಗೆ ಬಂದಿತು. ಇದರ ಅಡಿಯಲ್ಲಿ ಗೂಡು ಕೊಳ್ಳುವ ರೀಲರುಗಳು, ಅಂದರೆ ನೂಲು ಬಿಚ್ಚಾಣಿಕೆದಾರರು, ಪರವಾನಗಿ ಪಡೆದಿರಬೇಕು. ಮಧ್ಯವರ್ತಿಗಳ ಹಿಡಿತ ತಪ್ಪಿಸಿ ರೈತನಿಗೂ ರೀಲರಿಗೂ ನೇರ ವ್ಯವಹಾರ ಏರ್ಪಡುವಂತೆ ಮಾಡುವುದು ನಿಯಂತ್ರಿತ ಮಾರುಕಟ್ಟೆಗಳ ಉದ್ದೇಶ.

ದಾಸ್ತಾನಿನ ತೊಡಕು

ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಅದು ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಒಳಗೆ ಕೋಶವಾಗುತ್ತದೆ. ಸಾಮಾನ್ಯವಾಗಿ ಮಿಶ್ರತಳಿ ಗೂಡನ್ನು ಐದು ಆರನೆಯ ದಿನದಲ್ಲೂ ದ್ವಿತಳಿ ಗೂಡನ್ನು ಏಳು ಎಂಟನೆಯ ದಿನದಲ್ಲೂ ಬಿಡಿಸುತ್ತಾರೆ. ಬಿಡಿಸಿದ ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ತುಂಡಾಗದಂತೆ ನೂಲು ಬಿಚ್ಚಲು ಸಾಧ್ಯವಿಲ್ಲ.

ಹಸಿ ಗೂಡಿನ ತೂಕದಲ್ಲಿ ಸುಮಾರು ಐದನೆಯ ನಾಲ್ಕು ಪಾಲು ಒಳಗಿನ ಕೋಶದ್ದು. ಅದರ ತೇವಾಂಶ ಆರಿದಂತೆಲ್ಲ ಗೂಡಿನ ತೂಕ ಇಳಿಯುತ್ತದೆ. ಒತ್ತಿ ತುಂಬಿದರೆ ಅಥವಾ ಬಿಸಿಲಿಗೆ ಇಟ್ಟರೆ ಕೋಶಗಳು ಸತ್ತು ಒಡೆದು ಗೂಡಿಗೆ ಕಲೆಯಾಗುತ್ತದೆ. ಹೀಗಾಗಿ ರೈತರು ಗೂಡನ್ನು ಗಾಳಿಯಾಡುವ ಚೀಲಗಳಲ್ಲಿ ಸಡಿಲವಾಗಿ ತುಂಬಿ, ತಂಪು ಹೊತ್ತಿನಲ್ಲಿ ಸಾಗಿಸುವುದು ವಾಡಿಕೆ.

ಸ್ವೀಕೃತಿ, ಹರಾಜು ಮತ್ತು ರವಾನೆ

ಮಾರುಕಟ್ಟೆಗೆ ಬಂದ ಪ್ರತಿ ರೈತನ ಗೂಡನ್ನು ನೋಂದಾಯಿಸಿ ಲಾಟ್ ಸಂಖ್ಯೆ ಕೊಡಲಾಗುತ್ತದೆ. ಗೂಡನ್ನು ಜಾಲರಿಗೆ ಸುರಿದ ಮೇಲೆ ರೀಲರುಗಳು ಕೈಯಲ್ಲಿ ಹಿಡಿದು ಗಟ್ಟಿತನ, ಗಾತ್ರ, ಜೋಡಿಗೂಡು ಮತ್ತು ಕಲೆಗೂಡುಗಳ ಪ್ರಮಾಣವನ್ನು ಪರೀಕ್ಷಿಸುತ್ತಾರೆ. ಹಳದಿ ಬಣ್ಣದ ಮಿಶ್ರತಳಿ ಮತ್ತು ಬಿಳಿಯ ದ್ವಿತಳಿ ಗೂಡುಗಳಿಗೆ ಬೇರೆ ಬೇರೆ ದರವಿರುತ್ತದೆ.

ಹಿಂದೆ ಬಹಿರಂಗವಾಗಿ ಕೂಗಿ ನಡೆಯುತ್ತಿದ್ದ ಹರಾಜಿನ ಸ್ಥಾನದಲ್ಲಿ ಈಗ ಇ-ಹರಾಜು ಪದ್ಧತಿ ಬಂದಿದೆ. ರೀಲರುಗಳು ಮೊಬೈಲ್ ಫೋನ್ ಮೂಲಕ ಬೆಲೆ ಸೂಚಿಸುತ್ತಾರೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಅದನ್ನು ನಿರಾಕರಿಸಿ ಮುಂದಿನ ಸುತ್ತಿಗೆ ಕಾಯಬಹುದು. ಒಪ್ಪಿದ ಗೂಡನ್ನು ವಿದ್ಯುನ್ಮಾನ ತಕ್ಕಡಿಯಲ್ಲಿ ತೂಗಿ ರೀಲರಿಗೆ ಒಪ್ಪಿಸಲಾಗುತ್ತದೆ. ಹಣವನ್ನು ರೈತನ ಬ್ಯಾಂಕ್ ಖಾತೆಗೆ ಜಮಾ ಮಾಡುವ ವ್ಯವಸ್ಥೆಯಿದೆ.

ಉದ್ಯೋಗಗಳು

ಮಾರುಕಟ್ಟೆಯ ಆಡಳಿತ ರೇಷ್ಮೆ ಇಲಾಖೆಯ ಉಪನಿರ್ದೇಶಕರ ಹೊಣೆಯಲ್ಲಿರುತ್ತದೆ. ಇಲ್ಲಿನ ಕೆಲಸಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

ನೋಂದಣಿ: ರೈತನ ವಿವರ ಮತ್ತು ತಳಿಯನ್ನು ದಾಖಲಿಸಿ ಲಾಟ್ ಸಂಖ್ಯೆ ನೀಡುವುದು.
ಹರಾಜು ನಿರ್ವಹಣೆ: ಸುತ್ತುಗಳನ್ನು ಸಮಯಕ್ಕೆ ಸರಿಯಾಗಿ ನಡೆಸಿ ಅಂತಿಮ ಬೆಲೆಯನ್ನು ಪ್ರಕಟಿಸುವುದು.
ತೂಕ: ಚೀಲ ಅಥವಾ ಬುಟ್ಟಿಯ ತೂಕ ಕಳೆದು ಗೂಡಿನ ನಿವ್ವಳ ತೂಕ ದಾಖಲಿಸುವುದು.
ಹಮಾಲಿ: ಗೂಡು ನಜ್ಜಾಗದಂತೆ ಇಳಿಸುವುದು, ತುಂಬುವುದು ಮತ್ತು ವಾಹನಕ್ಕೆ ಏರಿಸುವುದು.
ಲೆಕ್ಕಪತ್ರ: ಮಾರುಕಟ್ಟೆ ಶುಲ್ಕ ಮತ್ತು ಪಾವತಿಗಳ ಲೆಕ್ಕವಿಡುವುದು.

ಇವುಗಳಲ್ಲಿ ತೂಕದ ಕೆಲಸ ಅತ್ಯಂತ ಸೂಕ್ಷ್ಮವಾದುದು. ಉದಾಹರಣೆಗೆ, ಒಂದು ಕೆ.ಜಿ.ಗೆ 500 ರೂಪಾಯಿ ದರವಿದ್ದಾಗ 100 ಕೆ.ಜಿ. ಗೂಡಿನಲ್ಲಿ 2 ಕೆ.ಜಿ. ಕಡಿಮೆ ದಾಖಲಾದರೆ ರೈತನಿಗೆ 1,000 ರೂಪಾಯಿ ನಷ್ಟವಾಗುತ್ತದೆ. ಮಾರಿದ ಗೂಡು ಅದೇ ದಿನ ಕುದಿಯುವ ನೀರಿಗೆ ಹೋಗಬಹುದಾದ್ದರಿಂದ ಮರುತೂಕಕ್ಕೆ ಆಸ್ಪದ ಕಡಿಮೆ.

ರೈತನ ಮೇಲಿನ ಪರಿಣಾಮ

ರಾಗಿ ಬೆಳೆದವನು ಬೆಲೆ ಕುಸಿದಾಗ ಮಾಲನ್ನು ಮನೆಯಲ್ಲಿಟ್ಟು ಕಾಯಬಲ್ಲ; ಗೂಡು ತಂದವನಿಗೆ ಆ ಅನುಕೂಲವಿಲ್ಲ. ಬೆಲೆಯನ್ನು ನಿರಾಕರಿಸುವ ಹಕ್ಕು ಅವನಿಗಿದ್ದರೂ ಅದನ್ನು ಬಳಸಲು ಉಳಿದಿರುವುದು ಕೆಲವು ಗಂಟೆಗಳು ಮಾತ್ರ. ಸುಮಾರು 25 ದಿನಗಳ ಹುಳು ಸಾಕಣೆಯ ಪ್ರತಿಫಲ ಆ ಗಂಟೆಗಳಲ್ಲಿ ನಿರ್ಧಾರವಾಗುತ್ತದೆ. ಆದಕಾರಣ ಸರಿಯಾದ ತೂಕ, ತಡವಿಲ್ಲದ ಹರಾಜು ಮತ್ತು ಶೀಘ್ರ ಪಾವತಿಗಳು ಇಲ್ಲಿ ಉಗ್ರಾಣವು ನೀಡಬೇಕಾದ ರಕ್ಷಣೆಯ ಸ್ಥಾನವನ್ನು ತುಂಬುತ್ತವೆ.

ಗೂಡಿನಿಂದ ನೂಲಿಗೆ

ರೀಲರುಗಳು ಗೂಡನ್ನು ಉಗಿ ಅಥವಾ ಬಿಸಿಗಾಳಿಗೆ ಒಡ್ಡಿ ಕೋಶವನ್ನು ಕೊಲ್ಲುತ್ತಾರೆ. ಬಿಸಿಗಾಳಿಯಲ್ಲಿ ಚೆನ್ನಾಗಿ ಒಣಗಿಸಿದ ಗೂಡನ್ನು ಹೆಚ್ಚು ಕಾಲ ಇಡಬಹುದಾದರೂ ಅದಕ್ಕೆ ಬೇಕಾದ ಯಂತ್ರ ಮತ್ತು ಬಂಡವಾಳ ಸಣ್ಣ ಘಟಕಗಳಿಗೆ ಸುಲಭವಲ್ಲ. ಬಳಿಕ ಚರಕ, ಕಾಟೇಜ್ ಬೇಸಿನ್ ಅಥವಾ ಸ್ವಯಂಚಾಲಿತ ಯಂತ್ರಗಳಲ್ಲಿ ನೂಲು ತೆಗೆಯಲಾಗುತ್ತದೆ. ಒಂದು ಕೆ.ಜಿ. ನೂಲಿಗೆ ತಳಿ ಮತ್ತು ಗುಣಮಟ್ಟಕ್ಕೆ ತಕ್ಕಂತೆ ಸುಮಾರು 6ರಿಂದ 8 ಕೆ.ಜಿ. ಗೂಡು ಬೇಕಾಗುತ್ತದೆ. ನೂಲಾದ ಮೇಲೆ ಸರಕು ದೀರ್ಘಕಾಲದ ದಾಸ್ತಾನಿಗೆ ಯೋಗ್ಯವಾಗುತ್ತದೆ. ನೂಲಿನ ಬೆಲೆ ಕುಸಿದಾಗ ಖರೀದಿಸಿ ಆಸರೆ ನೀಡಲು 1979ರಲ್ಲಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿಯನ್ನು ಸ್ಥಾಪಿಸಲಾಯಿತು.