ಆಯುಧವನ್ನಿಳಿಸಿದ ಮೇಲೆ

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟೀಪೂ ಸುಲ್ತಾನರು ಮಡಿದ ಕಥೆಯನ್ನೂ, ಜೂನ್ 30ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದ ಕಥೆಯನ್ನೂ ಅರಿಯದವರು ನಮ್ಮಲ್ಲಿಲ್ಲ. ಆದರೆ ದೊರೆಯೂ ಇಲ್ಲದೆ ಸಂಬಳವೂ ಇಲ್ಲದೆ, ಕಲಿತ ವಿದ್ಯೆಯೆಂದರೆ ಕತ್ತಿ ಕೋವಿಗಳ ಪ್ರಯೋಗವೊಂದೇ ಆಗಿ, ಊರ ದಾರಿ ಹಿಡಿದ ಸಹಸ್ರಾರು ಯೋಧರ ಗತಿ ಏನಾಯಿತೆಂದು ವಿಚಾರಿಸುವವರು ವಿರಳ. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಹರಡಿಕೊಂಡಿರುವ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಸೀಮೆಯು ಈ ವಿಚಾರಕ್ಕೆ ತಕ್ಕ ಕ್ಷೇತ್ರವೆಂದು ನನ್ನ ಭಾವನೆ.

ಆ ಸೀಮೆಯೇನು ಸುಖವಾಗಿರಲಿಲ್ಲ. 1791ರ ಡಿಸೆಂಬರಿನಲ್ಲಿ ಸಾವನದುರ್ಗವೂ ಅದರ ಬೆನ್ನಿಗೇ ರಾಮಗಿರಿಯೂ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ದಂಡಿಗೆ ವಶವಾಗಿದ್ದವು. ಇಂದು ಕನಕಪುರವೆನಿಸಿರುವ ಕಾನಕಾನಹಳ್ಳಿಯನ್ನಂತೂ, ಶತ್ರುವಿಗೆ ಆಸರೆಯಾಗಬಾರದೆಂದು, ಸುಲ್ತಾನರೇ ಹಾಳುಗೆಡವಿಸಿದ್ದರು. ಯುದ್ಧದಿಂದ ಹಿಂದಿರುಗಿದವನಿಗೆ ಊರಿನಲ್ಲಿ ಕಾದಿದ್ದುದು ಪಾಳುಬಿದ್ದ ಹೊಲ. ಅಂಥವನನ್ನು ಯಾರಾದರೂ ಮತ್ತೆ ಕತ್ತಿಗೆ ಕರೆದರೆ ಆತ ಹೋಗುವನೆಂಬುದರಲ್ಲಿ ಆಶ್ಚರ್ಯವೇನು? ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಧೋಂಡಿಯ ವಾಘನು ಕರೆದನು. ಚದುರಿಹೋಗಿದ್ದ ರಾವುತರು ಆತನ ಹಿಂದೆ ನೆರೆದರು. 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೈನ್ಯವು ಆತನನ್ನು ಕೊಲ್ಲುವವರೆಗೆ ನಾಡಿಗೆ ನೆಮ್ಮದಿಯಿರಲಿಲ್ಲ.

ದಿವಾನ್ ಪೂರ್ಣಯ್ಯನವರು ಈ ಅಪಾಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಟೀಪೂವಿನ ಮಂತ್ರಿಯಾಗಿ ಆ ಸೈನ್ಯವನ್ನು ತಾವೇ ನಡೆಸಿದವರಲ್ಲವೇ? ಅವರು ಕಂದಾಚಾರವೆಂಬ ಹಳೆಯ ಕಾಲಾಳುಪಡೆಯ ಪದ್ಧತಿಯನ್ನು ಹೊಸ ಉದ್ದೇಶಕ್ಕೆ ಅಳವಡಿಸಿದರು. ಕಂದಾಚಾರದ ಆಳಿಗೆ ಅಲ್ಪ ವೇತನ, ಅದರೊಡನೆ ಉಳಲು ಭೂಮಿ. ಕರೆ ಬಂದಾಗ ಠಾಣೆಯ ಕಾವಲು, ಕಂದಾಯದ ಕೆಲಸ, ಸರ್ಕಾರದ ಕಾಗದಗಳ ಸಾಗಾಟ. ಮಿಕ್ಕ ದಿನಗಳಲ್ಲಿ ತನ್ನ ನೇಗಿಲು, ತನ್ನ ಮನೆ. ಹೈದರ್ ಮತ್ತು ಟೀಪೂವಿನ ಕಾಲಾಳುಗಳಲ್ಲಿ ಗುರಿಕಾರರೆಂದು ಹೆಸರಾಗಿದ್ದ ಬೇಡರಲ್ಲಿ ಬಹುಮಂದಿ ಕಾಲಕ್ರಮೇಣ ಹೀಗೆ ಒಕ್ಕಲುಗಳೂ ಕಂದಾಯದ ಜವಾನರೂ ಆದರು. ಉಪದೇಶದಿಂದ ಶಾಂತನಾಗದ ಯೋಧನನ್ನು ರಾಗಿಯ ಪೈರು ಕಟ್ಟಿಹಾಕಿತು. ರಾಮಗಿರಿಯ ಬುಡದಲ್ಲಿ ದಟ್ಟಡವಿಯ ನಡುವೆ ಹಾಯುತ್ತಿದ್ದ ಹೆದ್ದಾರಿಯ ರಕ್ಷಣೆಗಾಗಿ 1800ರಲ್ಲಿ ಪೂರ್ಣಯ್ಯನವರು ಹೊಸ ಪೇಟೆಯೊಂದನ್ನು ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆಯೆಂದು ಕರೆದುದು ಇದೇ ನೀತಿಯ ಇನ್ನೊಂದು ಮುಖ. ಇಂದಿನ ರಾಮನಗರ ಅದೇ.

ರಾವುತರ ಪಾಡು ಬೇರೆ. ಸ್ವಂತ ಕುದುರೆಯೊಡನೆ ಸೇವೆಗೆ ಸೇರುವ ಸಿಲೇದಾರನಿಗೆ ಅದೇ ಬಂಡವಾಳ. ಸಿಲೇದಾರನ ಕುದುರೆ ಸತ್ತರೆ ಜೀವನೋಪಾಯವೇ ಹೋದಂತೆ. ಆದ್ದರಿಂದ ಮನೆಯವರ ಹೊಟ್ಟೆಗೆ ಮುಂಚೆ ಹುರುಳಿ ಅದರ ಬಾಯಿಗೆ. ಬ್ರಿಟಿಷರೊಡನೆ ಆದ 1807ರ ಒಪ್ಪಂದದಂತೆ ಮೈಸೂರು 4000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕಾಗಿದ್ದುದರಿಂದ ಅನೇಕರಿಗೆ ಅನ್ನ ದೊರೆಯಿತು. 1817ರ ಡಿಸೆಂಬರಿನಲ್ಲಿ ಮಹಿದ್‌ಪುರದ ಕಾಳಗದಲ್ಲಿ ಬ್ರಿಟಿಷರ ಪಕ್ಷದಲ್ಲಿ ಮೈಸೂರಿನ ಸಿಲೇದಾರರೂ ಇದ್ದರು. ಆದರೆ ಮುಂದೆ ಸಂಬಳ ಬಾಕಿ ಬಿದ್ದಿತು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಮುಂದಿಟ್ಟ ಆರೋಪಗಳಲ್ಲಿ ಈ ಬಾಕಿಯೂ ಒಂದು. ಮೊದಲ ತಲೆಮಾರಿಗೆ ಕೊಟ್ಟ ಮಾತನ್ನು ಎರಡನೆಯ ತಲೆಮಾರಿಗೆ ನಡೆಸದೆ ಹೋದುದನ್ನು ನಾನು ಬಲು ದೊಡ್ಡ ಅನ್ಯಾಯವೆಂದೇ ಎಣಿಸುತ್ತೇನೆ.

ಸರ್ಕಾರದ ಕೃಪೆಯನ್ನು ಕಾಯದೆ ನಿಂತವರು ಚನ್ನಪಟ್ಟಣದ ದಾಯರೆಯವರು. ಮುಸ್ಲಿಮರು ಎದುರುನೋಡುವ ಮೆಹದಿಯು ಈಗಾಗಲೇ ಬಂದು ಹೋಗಿರುವನೆಂದು ನಂಬುವ ಈ ಮಹದವೀ ಪಂಥದವರು ಹೈದರ್ ಮತ್ತು ಟೀಪೂವಿನ ಅಶ್ವದಳಗಳಲ್ಲಿದ್ದರು; ಪ್ರಾರ್ಥನಾಕ್ರಮದ ವಿಷಯದಲ್ಲಿ ಹುಟ್ಟಿದ ಕಲಹದಿಂದ ಕುಪಿತನಾದ ಟೀಪೂ ಅವರನ್ನು ರಾಜ್ಯದಿಂದ ಹೊರಗೆ ಕಳುಹಿಸಿದನು. ತಾವು ಸೇವಿಸಿದ ದೊರೆಯಿಂದಲೇ ಬಹಿಷ್ಕೃತರಾದವರು, ಆತನ ಪತನಾನಂತರ ಮರಳಿ ಬಂದು, ಸವಾರಿಯನ್ನು ಬಿಟ್ಟು ವರ್ತಕರಾದರು. ಚನ್ನಪಟ್ಟಣದ ಶುಕ್ರವಾರಪೇಟೆಯಲ್ಲಿ ಅರಗಿನ ಬಣ್ಣದ ಮರದ ಸಾಮಾನೂ, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯೂ ತಯಾರಾಗುತ್ತಿದ್ದ ಕಾಲದಲ್ಲಿ, ಅದರ ಬಳಿಯ ಹೊಸ ಪೇಟೆಯಲ್ಲಿ ನೆಲೆಸಿದ ಇವರು ರೇಷ್ಮೆಯನ್ನು ಘಟ್ಟದಾಚೆಯ ಪಶ್ಚಿಮ ತೀರದವರೆಗೆ ಮಾರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಿ. ಎಲ್. ರೈಸರು ಮೈಸೂರಿನ ಗೆಜೆಟಿಯರನ್ನು ಬರೆಯುವಾಗ, ದಾಯರೆಯವರನ್ನು ಅವರು ಗುರುತಿಸಿದುದು ರೇಷ್ಮೆಯ ವ್ಯಾಪಾರದಲ್ಲಿ ಅನುಕೂಲಸ್ಥರಾಗಿದ್ದ ಜನರೆಂದು.